ಗ್ಯಾಲರಿಯಲ್ಲಿ ಹಿಮ್ಮೇಳ ಕಟ್ಟುವ ಬಗೆ: ಬೆಳಗಾವಿಯ ಫುಟ್‌ಬಾಲ್ ಪ್ರೇಕ್ಷಕರಿಗೆ

ಬೆಳಗಾವಿಯಲ್ಲಿ ಫುಟ್‌ಬಾಲ್ ನೋಡುವವರಿಗೆ ಎಂದೂ ಬರವಿಲ್ಲ. ಜಿಟಿಜಿಟಿ ಮಳೆಯಲ್ಲಿ ಟಿಳಕವಾಡಿಯ ಲೇಲೆ ಮೈದಾನದ ಅಂಚಿಗೆ ಕೊಡೆ ಹಿಡಿದು ನಿಲ್ಲುವವರು, ಸೇಂಟ್ ಪಾಲ್ಸ್ ಶಾಲೆಯ ಫಾದರ್ ಎಡ್ಡಿ ಸ್ಮಾರಕ ಪಂದ್ಯಾವಳಿಗೆ ತಮ್ಮ ಶಾಲೆಯ ತಂಡದ ಹಿಂದೆಯೇ ಬರುವ ಹುಡುಗರು, ಚೋರ್ಲಾ ಘಾಟು ಇಳಿದು ಮಡಗಾಂವಿನ ಫಾತೋರ್ಡಾ ಕ್ರೀಡಾಂಗಣದಲ್ಲಿ ಪಂದ್ಯ ನೋಡಿ ನಡುರಾತ್ರಿಗೆ ಮನೆ ಸೇರುವವರು, ಹೀಗೆ ಆಟವನ್ನು ಬಲ್ಲ ಜನ ಇಲ್ಲಿ ಸಾಕಷ್ಟಿದ್ದಾರೆ. ಆದರೆ ನಮ್ಮ ಗ್ಯಾಲರಿಗಳಲ್ಲಿ ಕೇಳಿಬರುವುದು ಗದ್ದಲವೇ ಹೊರತು ಹಾಡಲ್ಲ. ಗೋಲಾದಾಗ ಕೂಗುತ್ತೇವೆ, ರೆಫರಿಯ ತೀರ್ಪು ಒಪ್ಪಿಗೆಯಾಗದಿದ್ದಾಗ ಇನ್ನೂ ಹೆಚ್ಚು ಕೂಗುತ್ತೇವೆ, ಉಳಿದ ಎಂಬತ್ತು ನಿಮಿಷ ಶೇಂಗಾ ಸುಲಿಯುತ್ತೇವೆ. ಈ ಎಂಬತ್ತು ನಿಮಿಷಗಳನ್ನು ತುಂಬುವ ಕೆಲಸವನ್ನು ಹೇಗೆ ಆರಂಭಿಸಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಇಡೀ ಮೈದಾನವನ್ನು ಒಮ್ಮೆಲೇ ಹಾಡಿಸುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಬೇಕಾಗಿರುವುದು ಮೂವತ್ತು ನಲವತ್ತು ಜನರ ಗಟ್ಟಿಯಾದ ಒಂದು ಮೇಳ. ನಮ್ಮ ಗೀಗೀ ಪದದ ಕಟ್ಟನ್ನು ನೆನೆಸಿಕೊಳ್ಳಿ. ಮುಂದೆ ನಿಂತವನು ದಪ್ಪು ಬಡಿಯುತ್ತ ಕಥೆ ಹೇಳುತ್ತಾನೆ. ತುಂತುಣಿ, ತಾಳ ಹಿಡಿದ ಹಿಂದಿನ ಇಬ್ಬರು ‘ಗೀಯ ಗಾ ಗೀಯ ಗಾ’ ಎಂದು ಅದನ್ನು ಎತ್ತಿ ಹಿಡಿಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕುಳಿತ ಊರವರ ತಲೆಯೂ ಕಾಲೂ ಆ ಲಯಕ್ಕೆ ಆಡತೊಡಗುತ್ತವೆ. ಕಥೆಯ ಪದಗಳು ಊರವರಿಗೆ ಬಾರದಿದ್ದರೂ ಪಲ್ಲವಿ ಎಲ್ಲರಿಗೂ ಬರುತ್ತದೆ. ಗ್ಯಾಲರಿಯಲ್ಲೂ ಇದೇ ಏರ್ಪಾಡು ಇರಬೇಕು. ಮುಮ್ಮೇಳಕ್ಕೆ ಒಬ್ಬರು, ಹಿಮ್ಮೇಳಕ್ಕೆ ಮೂವತ್ತು ನಲವತ್ತು ಜನ, ಉಳಿದ ಸಾವಿರ ಜನರಿಗೆ ಎರಡೇ ಪದಗಳ ಮರುದನಿ.

ಈ ಮೇಳ ಎಲ್ಲಿ ಕುಳಿತುಕೊಳ್ಳುತ್ತದೆ ಎಂಬುದರ ಮೇಲೆ ಅರ್ಧ ಕೆಲಸ ನಿಂತಿದೆ. ಬಯಲಿನಲ್ಲಿ ಎಬ್ಬಿಸಿದ ದನಿ ಆಕಾಶಕ್ಕೆ ಹೋಗುತ್ತದೆ. ಮೇಲೆ ತಗಡಿನ ಚಾವಣಿಯೋ ಬೆನ್ನಿಗೆ ಕಾಂಕ್ರೀಟಿನ ಗೋಡೆಯೋ ಇದ್ದರೆ ಅದೇ ದನಿ ಮೈದಾನದ ಕಡೆಗೆ ಮರಳುತ್ತದೆ. ಆದ್ದರಿಂದ ಚಾವಣಿಯಿರುವ ಬದಿಯನ್ನು ಆರಿಸಿ, ಅದರ ಮೇಲಿನ ಸಾಲುಗಳಲ್ಲಿ ಭುಜಕ್ಕೆ ಭುಜ ತಾಗುವಂತೆ ನಿಲ್ಲಬೇಕು. ನಲವತ್ತು ಜನ ನಾಲ್ಕು ಕಡೆ ಹರಡಿಕೊಂಡರೆ ಅವರು ನಲವತ್ತು ಪ್ರೇಕ್ಷಕರು ಮಾತ್ರ. ಹಿಂದಿನ ಸಾಲಿನವರಿಗೆ ಆಟ ಕಾಣದಂತೆ ನಿಂತರೆ ಹಾಡಿನ ಬದಲು ಜಗಳ ಹುಟ್ಟುತ್ತದೆ, ಇದು ಕೂಡ ಮೇಲಿನ ಸಾಲುಗಳನ್ನೇ ಆರಿಸಲು ಒಂದು ಕಾರಣ. ಬೆಂಗಳೂರಿನ ಕಂಠೀರವದಲ್ಲಿ ಗ್ಯಾಲರಿಗೂ ಆಟದ ಅಂಗಳಕ್ಕೂ ನಡುವೆ ಓಟದ ಪಥವೇ ಇದೆ. ಆದರೂ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳು ಒಂದೇ ಭಾಗದಲ್ಲಿ ಒಟ್ಟಾಗಿ ನಿಂತು ಹಾಡುವುದರಿಂದ ಆ ಅಂತರವನ್ನು ದಾಟಿದ್ದಾರೆ.

ವಾದ್ಯದ ವಿಷಯದಲ್ಲಿ ನಾವು ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಕುಸ್ತಿಯ ಕಣದಲ್ಲಿ ಹಲಗಿ ಬಡಿಯುವವನನ್ನು ಗಮನಿಸಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಪೈಲವಾನರು ಕೈಕೈ ಹಿಡಿದು ಅಳೆದು ನೋಡುವಾಗ ಅವನ ಪೆಟ್ಟು ಬಿಡಿಬಿಡಿಯಾಗಿರುತ್ತದೆ, ಪಟ್ಟು ಬಿಗಿಯಾದಂತೆ ಲಯ ದಟ್ಟವಾಗುತ್ತದೆ, ಒಬ್ಬನ ಬೆನ್ನು ಮಣ್ಣಿಗೆ ತಾಗುವ ಕ್ಷಣಕ್ಕೆ ಅದು ಉತ್ತುಂಗಕ್ಕೆ ಏರಿರುತ್ತದೆ. ಅಂದರೆ ಅವನ ಕಣ್ಣು ಸದಾ ಆಟದ ಮೇಲೆ ಇರುತ್ತದೆ. ಫುಟ್‌ಬಾಲ್ ಗ್ಯಾಲರಿಗೆ ಬೇಕಾಗಿರುವುದೂ ಅಂಥ ಕಣ್ಣೇ. ಹೋಳಿಯ ದಿನಗಳಲ್ಲಿ ಬಾಗಲಕೋಟೆಯ ಬೀದಿಗಳನ್ನು ನಡುಗಿಸುವ ಹಲಗಿ ಮೇಳದವರಲ್ಲಿ ಒಬ್ಬಿಬ್ಬರ ಪರಿಚಯವಿದ್ದರೆ ಅವರನ್ನು ಪಂದ್ಯಕ್ಕೆ ಕರೆಯಿರಿ, ಟಿಕೆಟ್ ಇದ್ದರೆ ಅದನ್ನು ನೀವೇ ಕೊಡಿಸಿ, ಅವರ ಶ್ರಮಕ್ಕೆ ತಕ್ಕ ಸಂಭಾವನೆಯನ್ನೂ ಕೊಡಿ.

ಆದರೆ ನಮ್ಮಲ್ಲಿ ಫುಟ್‌ಬಾಲ್ ಹೆಚ್ಚಾಗಿ ಮಳೆಗಾಲದ ಆಟ, ಹಲಗಿಯ ಚರ್ಮಕ್ಕೆ ಮಳೆಯೇ ಶತ್ರು. ತೇವ ತಾಗಿದ ಚರ್ಮ ಸಡಿಲಗೊಂಡು ದನಿ ಮಂಕಾಗುತ್ತದೆ. ಅದನ್ನು ಬೆಂಕಿಗೆ ಹಿಡಿದು ಕಾಯಿಸಿದರೆ ಮಾತ್ರ ಮತ್ತೆ ಬಿಗಿಯುತ್ತದೆ. ಕ್ರೀಡಾಂಗಣದ ಒಳಗೆ ಬೆಂಕಿ ಹೊತ್ತಿಸುವಂತಿಲ್ಲವಾದ್ದರಿಂದ ಕಾಯಿಸುವ ಕೆಲಸವನ್ನು ಹೊರಗೆ, ಗೇಟಿನಿಂದ ದೂರದಲ್ಲಿ, ಪಂದ್ಯಕ್ಕೆ ಮುಂಚೆಯೇ ಮುಗಿಸಿ, ಹಲಗಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಒಳಗೆ ತರಬೇಕು. ಇಷ್ಟು ರಗಳೆ ಬೇಡವೆನ್ನುವವರು ಈಗ ಎಲ್ಲೆಡೆ ಸಿಗುವ ಫೈಬರ್ ಹಾಳೆಯ ಹಲಗಿಯನ್ನೇ ತರಬಹುದು. ಅದರ ದನಿ ಸ್ವಲ್ಪ ಕೀರಲು, ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಸೋನೆ ಮಳೆಯಲ್ಲಿ ಎರಡನೆಯ ಅವಧಿಯ ಕೊನೆಯವರೆಗೂ ಒಂದೇ ಸಮನೆ ನುಡಿಯುವುದು ಅದೊಂದೇ.

ಹಲಗಿ ಎಷ್ಟೇ ಇರಲಿ, ಎಲ್ಲವೂ ಒಂದೇ ಜಾಗದಲ್ಲಿ, ಒಬ್ಬನ ಕೈಗೆ ಕಣ್ಣಿಟ್ಟು ನುಡಿಯಬೇಕು. ಇದು ಬರಿಯ ಶಿಸ್ತಿನ ಮಾತಲ್ಲ, ಲೆಕ್ಕದ ಮಾತು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಅಂತರರಾಷ್ಟ್ರೀಯ ಪಂದ್ಯದ ಅಂಗಳದ ಉದ್ದ 100ರಿಂದ 110 ಮೀಟರ್; ಒಂದು ಗೋಲಿನ ಹಿಂದೆ ನಿಂತವನ ಪೆಟ್ಟು ಮತ್ತೊಂದು ಗೋಲಿನ ಹಿಂದಿರುವವನ ಕಿವಿಗೆ ತಲುಪಲು ಸೆಕೆಂಡಿನ ಮೂರನೆಯ ಒಂದು ಭಾಗ ಬೇಕು. ನಿಮಿಷಕ್ಕೆ 120 ಚಪ್ಪಾಳೆಯ ವೇಗದಲ್ಲಿ ಎರಡು ಚಪ್ಪಾಳೆಗಳ ನಡುವೆ ಇರುವುದೇ ಅರ್ಧ ಸೆಕೆಂಡು. ಹೀಗಾಗಿ ಎರಡು ತುದಿಗಳಲ್ಲಿ ಎರಡು ಹಲಗಿಗಳಿದ್ದರೆ ಅವು ಎಂದಿಗೂ ಕೂಡುವುದಿಲ್ಲ, ನಡುವೆ ಕುಳಿತವರಿಗೆ ಎರಡೂ ಬೆರೆತ ಗೊಂದಲ ಕೇಳಿಸುತ್ತದೆ. ಎದುರು ಬದಿಯ ಜನರನ್ನು ಸೇರಿಸಿಕೊಳ್ಳಬೇಕೆಂದರೆ ಜೊತೆಗೆ ಹಾಡಿಸುವುದನ್ನು ಬಿಟ್ಟು ಪ್ರಶ್ನೆ–ಉತ್ತರದ ರೀತಿ ಅನುಸರಿಸಬೇಕು: ಈ ಬದಿಯವರು ಕರೆದು ನಿಲ್ಲಿಸಬೇಕು, ಆ ಬದಿಯವರು ಓಗೊಡಬೇಕು. 2016ರ ಯೂರೋ ಕಪ್ಪಿನಲ್ಲಿ ಐಸ್‌ಲ್ಯಾಂಡಿನ ಪ್ರೇಕ್ಷಕರು ಕೈಗಳನ್ನು ತಲೆಯ ಮೇಲೆ ಚಾಚಿ, ಎರಡು ಡೋಲು ಪೆಟ್ಟಿನ ನಂತರ ‘ಹೂ’ ಎಂದು ಹಾಕುತ್ತಿದ್ದ ಚಪ್ಪಾಳೆ ಅಷ್ಟು ದೊಡ್ಡ ಗ್ಯಾಲರಿಯಲ್ಲೂ ಚದುರಲಿಲ್ಲ, ಏಕೆಂದರೆ ಆರಂಭದ ಚಪ್ಪಾಳೆಗಳ ನಡುವಿನ ಬಿಡುವು ಬಹಳ ದೀರ್ಘವಾಗಿತ್ತು. ಜೊತೆಗೆ ಮೇಲೆತ್ತಿದ ಕೈಗಳನ್ನು ನೋಡಿ ಕಣ್ಣೇ ತಾಳ ಹಿಡಿಯುತ್ತಿತ್ತು. ಆ ದೇಶದ ಒಟ್ಟು ಜನಸಂಖ್ಯೆ ನಮ್ಮ ಬೆಳಗಾವಿ ನಗರದ್ದಕ್ಕಿಂತ ಕಡಿಮೆ ಎಂಬುದನ್ನು ಈ ಸಂದರ್ಭದಲ್ಲಿ ನೆನೆದರೆ ತಪ್ಪಿಲ್ಲ.

ಹಾಡು ಕಟ್ಟುವುದು ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ಭಾಗ. ನಾಲ್ಕು ಸಾಲಿನ ಪದ್ಯ ಬರೆದು ಹಂಚುವ ಉತ್ಸಾಹಿಗಳು ಪ್ರತಿ ಊರಿನಲ್ಲೂ ಇರುತ್ತಾರೆ; ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅವರೊಬ್ಬರೇ ಹಾಡುತ್ತಿರುತ್ತಾರೆ. ಗ್ಯಾಲರಿಯ ಹಾಡಿಗೆ ಎಂಟು ಮಾತ್ರೆ, ಎರಡು ಚಪ್ಪಾಳೆ ಸಾಕು. 2019ರಲ್ಲಿ ನಮ್ಮ ಜಿಲ್ಲೆಯ ಕಾಗವಾಡದ ಚುನಾವಣಾ ಪ್ರಚಾರ ಸಭೆಯಲ್ಲಿ ಪ್ರೇಕ್ಷಕನೊಬ್ಬ ಕೂಗಿದ ‘ಹೌದೋ ಹುಲಿಯಾ’ ನಾಡಿನ ತುಂಬ ಹಬ್ಬಿದ್ದು ಎಲ್ಲರಿಗೂ ನೆನಪಿದೆ. ರಾಜಕೀಯವನ್ನು ಬದಿಗಿಟ್ಟು ಅದರ ಮಾತ್ರೆಗಳನ್ನು ಎಣಿಸಿ ನೋಡಿ: ‘ಹೌದೋ’ ಎಂಬಲ್ಲಿ ಎರಡು ಗುರು, ನಾಲ್ಕು ಮಾತ್ರೆ, ‘ಹುಲಿಯಾ’ ಎಂಬಲ್ಲಿ ಎರಡು ಲಘು, ಒಂದು ಗುರು, ಮತ್ತೆ ನಾಲ್ಕು ಮಾತ್ರೆ. ಎರಡೂ ಪದಗಳು ದೀರ್ಘ ಸ್ವರದಲ್ಲಿ ಮುಗಿಯುತ್ತವೆ, ಬಾಯಿ ತೆರೆದುಕೊಂಡೇ ಇರುತ್ತದೆ, ದನಿ ಎಲ್ಲೂ ಕಟ್ಟಾಗುವುದಿಲ್ಲ. ಜನರು ಅದನ್ನು ಕಲಿಯಬೇಕಾಗಿಯೇ ಬರಲಿಲ್ಲ.

ಊರಿನ ಹೆಸರಿಗೂ ಇದೇ ಪರೀಕ್ಷೆ ಮಾಡಬಹುದು. ‘ಬೆಳಗಾವಿ’ ಎಂದು ಮಾತಿನಲ್ಲಿ ಹೇಳುವಾಗ ಐದೇ ಮಾತ್ರೆ, ಕುಂಟುತ್ತದೆ. ‘ಬೆಳ’ ಎಂಬುದಕ್ಕೆ ಎರಡು, ‘ಗಾ’ ಎಂಬುದಕ್ಕೆ ಎರಡು ಕೊಟ್ಟು, ಕೊನೆಯ ‘ವಿ’ಯನ್ನು ನಾಲ್ಕು ಮಾತ್ರೆಯವರೆಗೆ ಎಳೆದರೆ ಎಂಟು ತುಂಬಿ ಚಪ್ಪಾಳೆಗೆ ಸರಿಯಾಗಿ ಕೂಡುತ್ತದೆ. ಆಟಗಾರರ ಹೆಸರುಗಳನ್ನೂ ಹೀಗೆಯೇ ಹಿಗ್ಗಿಸಿ ಅಥವಾ ಮೊಟಕುಗೊಳಿಸಿ ಎಂಟಕ್ಕೆ ಹೊಂದಿಸಬೇಕು. ವ್ಯಂಜನದಲ್ಲಿ ಮುಗಿಯುವ ಹೆಸರಾದರೆ ನಮ್ಮ ಕಡೆಯ ರೂಢಿಯಂತೆ ಕೊನೆಗೆ ಒಂದು ‘ಆ’ಕಾರವನ್ನೋ ‘ಓ’ಕಾರವನ್ನೋ ಸೇರಿಸಿದರೆ ಆಯಿತು. ಇನ್ನೊಂದು ಲಾಭವೂ ಇದೆ. ಈ ಊರಿನ ಗ್ಯಾಲರಿಯ ಒಂದೇ ಸಾಲಿನಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಮಾತನಾಡುವವರು ಕುಳಿತಿರುತ್ತಾರೆ. ಎರಡು ಪದ ಮತ್ತು ಒಂದು ದೀರ್ಘ ಸ್ವರದ ಹಾಡನ್ನು ಯಾರೂ ಪರಕೀಯವೆಂದು ಬಗೆಯುವುದಿಲ್ಲ. ಗಡಿ, ಭಾಷೆಗಳ ಘೋಷಣೆಯನ್ನು ಯಾರಾದರೂ ಆರಂಭಿಸಿದರೆ, ಅದು ಯಾರ ಪರವಾಗಿಯೇ ಇರಲಿ, ಹಲಗಿಯವನು ತಕ್ಷಣ ಬೇರೆ ಲಯ ಹಿಡಿದು ಅದನ್ನು ಮುಳುಗಿಸಬೇಕು, ವಾದಕ್ಕೆ ಇಳಿಯಬಾರದು.

ಶ್ರುತಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹೆಚ್ಚಿನ ಹಾಡುಗಳು ಸಾಯುವುದು ಅಲ್ಲಿಯೇ. ಹುರುಪಿನಲ್ಲಿ ಎತ್ತರದ ದನಿಯಲ್ಲಿ ಎತ್ತಿಕೊಂಡರೆ ಎರಡನೆಯ ಸುತ್ತಿಗೆ ಗಂಡಸರ ಗಂಟಲು ಕೈಕೊಡುತ್ತದೆ. ಹಾಡು ಎತ್ತುವವರು ತಮಗೆ ಸ್ವಲ್ಪ ತಗ್ಗೆನಿಸುವ ದನಿಯಲ್ಲೇ ಆರಂಭಿಸಬೇಕು, ಜನ ಸೇರಿದಂತೆ ಅದು ತಾನಾಗಿಯೇ ಏರುತ್ತದೆ. ಹೆಂಗಸರೂ ಮಕ್ಕಳೂ ಮೇಳದ ನಡುವೆಯೇ ಇರಬೇಕು. ಅವರ ಮೇಲಿನ ಸ್ಥಾಯಿಯ ದನಿ ಗಂಡಸರ ಗುಂಪಿನ ಗುಡುಗಿಗಿಂತ ಸ್ಪಷ್ಟವಾಗಿ ದೂರದವರಿಗೆ ಕೇಳುತ್ತದೆ. ಅವರು ಇರುವಲ್ಲಿ ಬೈಗುಳವೂ ಕಡಿಮೆಯಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಾಳು ಜನರ ಕಡೆಗೆ ಮುಖ ಮಾಡಿ, ಅಂಗಳಕ್ಕೆ ಬೆನ್ನು ಹಾಕಿ ನಿಲ್ಲಬೇಕಾಗುತ್ತದೆ. ಇಟಲಿಯಲ್ಲಿ ಇಂಥವನನ್ನು ‘ಕಾಪೋ’ ಎನ್ನುತ್ತಾರೆ, ಅವನು ಪಂದ್ಯದ ಬಹುಭಾಗವನ್ನು ನೋಡುವುದೇ ಇಲ್ಲ. ನಮ್ಮಲ್ಲಿ ಅಷ್ಟು ತ್ಯಾಗ ಬೇಡ: ಮೂವರು ಸರದಿಯಂತೆ ಹದಿನೈದು ಹದಿನೈದು ನಿಮಿಷ ನಿಂತರೆ ಒಂದು ಅವಧಿ ಮುಗಿಯುತ್ತದೆ. ಮಾತು ಕೇಳಿಸದ ಗದ್ದಲದಲ್ಲಿ ಕೈಸನ್ನೆಯೇ ಭಾಷೆ. ಎರಡು ಬೆರಳು ಎತ್ತಿದರೆ ಊರ ಹೆಸರು, ಮುಷ್ಟಿ ಬಿಗಿದರೆ ಮೌನ, ಅಂಗೈ ಕೆಳಗೆ ಒತ್ತಿದರೆ ದನಿ ತಗ್ಗಿಸುವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಾಡುಗಳನ್ನು ವಾಟ್ಸ್ಆ್ಯಪ್‌ನಲ್ಲಿ ದನಿ ಸಂದೇಶವಾಗಿಯೇ ಕಳುಹಿಸಿ, ಬರೆದು ಕಳುಹಿಸಿದರೆ ಲಯ ತಲುಪುವುದಿಲ್ಲ. ಪಂದ್ಯದ ದಿನ ಅರ್ಧ ಗಂಟೆ ಮೊದಲು ಚಹಾದಂಗಡಿಯ ಎದುರು ಸೇರಿ ಎರಡು ಸುತ್ತು ಹಾಡಿಕೊಂಡರೆ ಒಳಗೆ ಹೋಗುವಷ್ಟರಲ್ಲಿ ಸಂಕೋಚ ಕಳೆದಿರುತ್ತದೆ.

ಯಾವಾಗ ಹಾಡಬೇಕು? ಗೋಲಾದಾಗ ಹಾಡಿಗೆ ಯಾರ ಪ್ರೇರಣೆಯೂ ಬೇಡ. ಮೇಳದ ಕೆಲಸ ಇರುವುದು ಇಪ್ಪತ್ತನೆಯ ನಿಮಿಷದ ನಂತರ, ಎರಡೂ ಕಡೆ ಗೋಲಿಲ್ಲದೆ ಚೆಂಡು ನಡು ಅಂಗಳದಲ್ಲಿ ಸುತ್ತಾಡುವ ಹೊತ್ತಿನಲ್ಲಿ. ಆಗ ಮಂದಗತಿಯ, ದೀರ್ಘವಾಗಿ ಸುತ್ತುವ ಹಾಡು ಇರಲಿ. ಕಾರ್ನರ್ ಸಿಕ್ಕಾಗ ಹಲಗಿ ಬಿಡಿಪೆಟ್ಟಿನಿಂದ ಆರಂಭವಾಗಿ, ಚೆಂಡನ್ನು ಒದೆಯುವವನು ಓಡಿಬರುವ ಕ್ಷಣಕ್ಕೆ ದಟ್ಟವಾಗಬೇಕು, ಥೇಟು ಕುಸ್ತಿಯ ಹಾಗೆ. ಎಲ್ಲಕ್ಕಿಂತ ಮುಖ್ಯವಾದ ಹಾಡು ನಮ್ಮ ತಂಡದ ಮೇಲೆ ಗೋಲಾದ ಹತ್ತು ಸೆಕೆಂಡುಗಳ ಒಳಗೆ ಬರುವಂಥದು. ಆ ಮೌನದಲ್ಲಿ ತಲೆತಗ್ಗಿಸಿ ನಡು ಅಂಗಳಕ್ಕೆ ನಡೆಯುವ ಹುಡುಗರಿಗೆ ಊರಿನ ಹೆಸರು ಕೇಳಿಸಬೇಕು. ಅದಕ್ಕಾಗಿ ಒಂದು ಹಾಡನ್ನು ಮೀಸಲಿಟ್ಟು ಬೇರೆ ಯಾವಾಗಲೂ ಹಾಡದಿರುವುದು ಒಳ್ಳೆಯದು. ಯಾವ ತಂಡದ ಆಟಗಾರನೇ ಆಗಲಿ, ಗಾಯಗೊಂಡು ಬಿದ್ದಿರುವಾಗ ಮುಷ್ಟಿ ಬಿಗಿದು ಎಲ್ಲರೂ ಸುಮ್ಮನಾಗಬೇಕು.

ಕೆಲವು ನಿಷೇಧಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸೀಟಿ ತರಬಾರದು: ಪ್ರೇಕ್ಷಕರ ಸೀಟಿಯಿಂದ ಆಟಕ್ಕೆ ಅಡ್ಡಿಯಾಯಿತೆಂದು ರೆಫರಿಗೆ ಅನಿಸಿದರೆ ಆಟ ನಿಲ್ಲಿಸಿ ಡ್ರಾಪ್ ಬಾಲ್‌ನಿಂದ ಮತ್ತೆ ಆರಂಭಿಸಬೇಕಾಗುತ್ತದೆ, ನಿಮ್ಮ ತಂಡದ ಒಳ್ಳೆಯ ದಾಳಿಯೊಂದು ಹಾಗೆಯೇ ವ್ಯರ್ಥವಾಗಬಹುದು. ಪಟಾಕಿ, ಹೊಗೆಬತ್ತಿ, ಲೇಸರ್ ದೀಪ ಬೇಡವೇ ಬೇಡ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನಷ್ಟೇ ಅಲ್ಲ, ವಾದ್ಯಗಳನ್ನೂ ನುಡಿಸುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ನಮ್ಮ ಎಷ್ಟೋ ಆಟದ ಅಂಗಳಗಳು ಶಾಲೆಗೆ ಅಂಟಿಕೊಂಡೇ ಇರುವುದರಿಂದ ಸಂಘಟಕರಿಗೂ ಹತ್ತಿರದ ಪೊಲೀಸ್ ಠಾಣೆಗೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ಜಾಣತನ. ಒಪ್ಪಿಗೆ ಕೇಳಲು ಹೋದಾಗ ಇನ್ನೊಂದು ಮಾತನ್ನೂ ಕೇಳಿಕೊಳ್ಳಿ: ಆಟ ನಡೆಯುವಾಗ ಡಿಜೆ ಪೆಟ್ಟಿಗೆ ಬಂದಾಗಿರಲಿ. ಒಂದು ಪಂದ್ಯಾವಳಿಯಲ್ಲಿ ನಾವು ಇಪ್ಪತ್ತೈದು ಜನ ಮೂರು ವಾರ ತಾಲೀಮು ಮಾಡಿ ಹೋಗಿದ್ದೆವು. ಚೆಂಡು ಹೊರಗೆ ಹೋದಾಗಲೆಲ್ಲ ಮೊಳಗಿದ ಸಿನಿಮಾ ಹಾಡಿನ ಎದುರು ನಮ್ಮ ದನಿ ನಮಗೇ ಕೇಳಿಸಲಿಲ್ಲ. ವಿರಾಮದ ಹದಿನೈದು ನಿಮಿಷ ಬೇಕಾದರೆ ಡಿಜೆಗೇ ಇರಲಿ, ಆಗ ಗಂಟಲಿಗೂ ವಿಶ್ರಾಂತಿ ಬೇಕು. ತಣ್ಣನೆಯ ಸೋಡಾದ ಬದಲು ಬಿಸಿನೀರನ್ನೋ ಚಹಾವನ್ನೋ ಕುಡಿಯಿರಿ.

ಮೊದಲ ಪಂದ್ಯದಲ್ಲಿ ಸುತ್ತಲಿನವರು ತಿರುಗಿ ನೋಡಿ ನಗುತ್ತಾರೆ. ನಾಲ್ಕನೆಯ ಪಂದ್ಯದಲ್ಲಿ ನಕ್ಕವರ ಮಕ್ಕಳು ಬಂದು ಹಲಗಿಯ ಪಕ್ಕ ನಿಲ್ಲುತ್ತಾರೆ. ಕೊನೆಯ ಸೀಟಿಯ ನಂತರ ಕೂಡಲೇ ಚದುರಬೇಡಿ. ಸೋತಿರಲಿ, ಗೆದ್ದಿರಲಿ, ಆಟಗಾರರು ಗ್ಯಾಲರಿಯ ಹತ್ತಿರ ಬಂದು ಹೋಗುವವರೆಗೆ ಐದು ನಿಮಿಷ ಹಾಡಿ, ಆಮೇಲೆ ಶೇಂಗಾ ಸಿಪ್ಪೆಯನ್ನೂ ನೀರಿನ ಬಾಟಲಿಗಳನ್ನೂ ಹೆಕ್ಕಿ ಚೀಲಕ್ಕೆ ತುಂಬಿ. ಆ ಹೊತ್ತಿನಲ್ಲಿ ಒಬ್ಬರು ವಹಿ ತೆಗೆದು, ಅಂದು ಜನ ತಾವಾಗಿಯೇ ಎತ್ತಿಕೊಂಡ ಹಾಡು ಯಾವುದು, ಮೇಳದವರು ಮಾತ್ರ ಹಾಡಿದ್ದು ಯಾವುದು ಎಂದು ಬರೆದಿಡಲಿ. ಎರಡು ಪಂದ್ಯಗಳಲ್ಲಿ ಮೇಳದ ಹೊರಗೆ ಹೋಗದ ಹಾಡನ್ನು, ಅದನ್ನು ಕಟ್ಟಿದವರು ಎದುರಿಗೇ ಇದ್ದರೂ, ಅಲ್ಲಿಯೇ ಹೊಡೆದುಹಾಕಿ.