ಶಟರ್ ಎಳೆಯುವವರೇ ಮ್ಯಾನೇಜರ್ ಆಗಬೇಕೆಂದಿಲ್ಲ

ಕಾಸರಗೋಡು ಪೇಟೆಯ ಒಂದು ಜವಳಿ ಅಂಗಡಿಗೆ ಸೇಲ್ಸ್ ಕೆಲಸಕ್ಕೆ ಸೇರಿದವಳು ನಾನು, ಈಗ ಅಲ್ಲೇ ಮ್ಯಾನೇಜರ್. ಸೀರೆ, ಚೂಡಿದಾರ, ಮಕ್ಕಳ ಬಟ್ಟೆ, ಪರ್ದಾ, ಯಾವ ಕೌಂಟರಿಗೆ ಹೋದರೂ ಹೆಂಗಸರೇ ಹೆಚ್ಚು. ಆದರೆ ಫ್ಲೋರ್ ಇನ್‌ಚಾರ್ಜ್, ಕ್ಯಾಶ್, ಪರ್ಚೇಸ್ ಅಂತ ಬಂದಾಗ ಬಹಳ ವರ್ಷ ಗಂಡಸರೇ ಇದ್ದರು. ಧಣಿಗಳು ಒಳ್ಳೆಯವರು. ಹೆಂಗಸರಿಗೆ ಜವಾಬ್ದಾರಿ ಬೇಡ ಎಂದು ಅವರು ನಿಜಕ್ಕೂ ನಂಬಿದ್ದರು. ನಾನು ಹೇಗೆ ಮೇಲೆ ಬಂದೆ ಎಂದು ಯೋಚಿಸಿದರೆ ಉತ್ತರ ಸರಳ: ನನ್ನ ಮನೆ ಪೇಟೆಯಲ್ಲೇ, ನಡೆದು ಹೋಗುವಷ್ಟು ಹತ್ತಿರ. ರಾತ್ರಿ ನಿಲ್ಲಲು ಆಯಿತು. ನನಗಿಂತ ಚುರುಕಾದವರು ಬಸ್ಸಿಗೆ ಓಡುತ್ತಿದ್ದರು.

ಎಲ್ಲ ಇದ್ದದ್ದು ಆ ರಾತ್ರಿಯ ಹೊತ್ತಿನಲ್ಲೇ. ಶಟರ್ ಅರ್ಧ ಎಳೆದ ಮೇಲೆ ಕ್ಯಾಶ್ ಕ್ಲೋಸಿಂಗ್ ಶುರು. ನೋಟುಗಳನ್ನು ಐನೂರು, ಇನ್ನೂರು, ನೂರು ಎಂದು ಬೇರೆ ಬೇರೆ ಕಟ್ಟಬೇಕು. ಸ್ವೈಪ್ ಮೆಶಿನ್ನಿನ ಸೆಟಲ್‌ಮೆಂಟ್ ಚೀಟಿ ತೆಗೆಯಬೇಕು. ಗೂಗಲ್ ಪೇಗೆ ಬಂದದ್ದು ಕಂಪ್ಯೂಟರಿನ ಬಿಲ್ಲಿಗೆ ತಾಳೆಯಾಗಬೇಕು. ಕ್ಯಾನ್ಸಲ್ ಆದ ಬಿಲ್ಲು, ಚಹಾ ಮತ್ತು ಆಟೋದ ವೋಚರ್ ಎಲ್ಲ ಸೇರಬೇಕು. ಈ ಲೆಕ್ಕಕ್ಕೆ ನಿಂತವರಿಗೆ ಧಣಿಗಳ ಜೊತೆ ಕೂತು ಮಾತಾಡಲು ಸಿಗುತ್ತದೆ. ಯಾವ ಮಾಲು ಓಡಿತು, ಯಾವುದು ನಿಂತಿತು, ಯಾವ ಪಾರ್ಟಿಗೆ ಎಷ್ಟು ಬಾಕಿ ಎಂಬ ವ್ಯಾಪಾರದ ಒಳಗು ತಿಳಿಯುವುದು ಅಲ್ಲಿ. ಪೆರ್ಲ, ಮುಳ್ಳೇರಿಯ, ಅಡೂರು ಕಡೆಯವರು ಆ ಹೊತ್ತಿಗೆ ಬಸ್ಸಿನಲ್ಲಿರುತ್ತಾರೆ. ಹಾಗಾಗಿ ಕಲಿಯುವ ಅವಕಾಶವೇ ಅವರಿಗೆ ಇರಲಿಲ್ಲ. ಕಲಿಯದವರಿಗೆ ಪ್ರಮೋಷನ್ ಎಲ್ಲಿಂದ?

ಮ್ಯಾನೇಜರ್ ಆದ ಮೇಲೆ ನಾನು ಮೊದಲು ಕೈ ಹಾಕಿದ್ದು ಇದಕ್ಕೆ. ಸಂಜೆ ಆರಕ್ಕೆ ಒಂದು ಕ್ಲೋಸಿಂಗ್: ಹಣ ಎಣಿಸಿ, ಇಬ್ಬರು ಸಹಿ ಹಾಕಿ, ಸೇಫಿಗೆ. ಆಮೇಲಿನ ವ್ಯಾಪಾರದ ಹಣ ಸೀಲ್ ಮಾಡಿದ ಕವರಿನಲ್ಲಿ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅದನ್ನು ಇಬ್ಬರ ಎದುರು ಒಡೆದು ತಾಳೆ ನೋಡುವುದು, ಮಾಲಿನ ಮಾತುಕತೆಯೂ ಆಗಲೇ. "ಎಣಿಸದ ಹಣ ರಾತ್ರಿ ಇಡುವುದು ಹೇಗೆ ಮಾರಾಯ್ತಿ?" ಎಂದು ಧಣಿಗಳು ಕೇಳಿದರು. ಬಿಲ್ಲಿನ ಮೊತ್ತ ಕಂಪ್ಯೂಟರಿನಲ್ಲಿ ಲಾಕ್ ಆಗಿರುತ್ತದೆ, ಒಂದು ರೂಪಾಯಿ ಕಡಿಮೆಯಾದರೂ ಬೆಳಿಗ್ಗೆ ಗೊತ್ತಾಗುತ್ತದೆ ಎಂದು ತೋರಿಸಿದೆ. ಓಣಂ ಗದ್ದಲ ಮುಗಿದ ಮೇಲೆ ಪ್ರಯೋಗ ಮಾಡಿದೆವು. ದಣಿದ ಕಣ್ಣಿನಲ್ಲಿ ಆಗುತ್ತಿದ್ದ ತಪ್ಪುಗಳು ಕಡಿಮೆಯಾದವು, ಅವರಿಗೆ ಪೂರ್ತಿ ಧೈರ್ಯ ಬಂದದ್ದು ಆಗ. ಬಸ್ಸಿಗೆ ಓಡುತ್ತಿದ್ದವರಲ್ಲಿ ಇಬ್ಬರು ಇಂದು ಕ್ಯಾಶ್ ನೋಡುತ್ತಾರೆ.

ಕುಳಿತುಕೊಳ್ಳುವ ವಿಷಯ ಹೇಳದೆ ಮುಂದೆ ಹೋಗಲಾರೆ. ಕೇರಳದ ಜವಳಿ ಅಂಗಡಿಗಳಲ್ಲಿ ಹೆಂಗಸರು ದಿನವಿಡೀ ನಿಂತೇ ಇರಬೇಕಿತ್ತು. ಕೋಝಿಕ್ಕೋಡಿನಲ್ಲಿ ಪಿ. ವಿಜಿ ಎಂಬ ಹೊಲಿಗೆ ಕೆಲಸದ ಹೆಣ್ಣುಮಗಳು 'ಪೆಣ್‌ಕೂಟ್ಟ್' ಎಂಬ ಸಂಘಟನೆ ಕಟ್ಟಿ, ಮೊದಲು ಶೌಚಾಲಯಕ್ಕಾಗಿ, ನಂತರ ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಅದರ ಫಲವಾಗಿ 2018ರಲ್ಲಿ ಕೇರಳದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನಿಗೆ ತಿದ್ದುಪಡಿ ಬಂತು. ನಾನು ಕೌಂಟರಿನ ಹಿಂದೆ ಸ್ಟೂಲ್ ಹಾಕಿಸಿ ಅಷ್ಟಕ್ಕೇ ಬಿಡಲಿಲ್ಲ. ಗಿರಾಕಿ ಇಲ್ಲದಾಗ ಕೂತವರನ್ನು ನೋಡಿ ಯಾವ ಇನ್‌ಚಾರ್ಜೂ ಹುಬ್ಬು ಗಂಟಿಕ್ಕಬಾರದು ಎಂದು ಮೀಟಿಂಗಿನಲ್ಲೇ ಹೇಳಿದೆ. ಸ್ಟೂಲ್ ಇದ್ದೂ ಕೂರಲು ಹೆದರುವ ಅಂಗಡಿಗಳು ಎಷ್ಟೋ ಇವೆ.

ಇನ್ನೊಂದು ನಮ್ಮ ಊರಿನದೇ ಸಮಸ್ಯೆ. ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿಯರು ಮಲಯಾಳ ನೀರು ಕುಡಿದಂತೆ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅಂಗಡಿಯ ನೋಟಿಸು, ರಜೆಯ ಫಾರಂ ಎಲ್ಲ ಮಲಯಾಳದಲ್ಲಿ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು ಎಂದು 2013ರ ಕಾನೂನು ಹೇಳುತ್ತದೆ. ಸಮಿತಿ ಇದ್ದೂ ಅದರ ಬೋರ್ಡು ಓದಲು ಬಾರದಿದ್ದರೆ ಏನು ಪ್ರಯೋಜನ? ಕನ್ನಡದಲ್ಲೂ ಮಲಯಾಳದಲ್ಲೂ ಬರೆಸಿ ಡ್ರೆಸ್ ಬದಲಿಸುವ ಕೋಣೆಯ ಬಾಗಿಲ ಒಳಬದಿಗೆ ಹಾಕಿಸಿದೆ. ಅಲ್ಲಿ ನಿಂತು ನಿಧಾನವಾಗಿ ಓದಬಹುದು, ಯಾರೂ ನೋಡುವುದಿಲ್ಲ. ಬರೆಯಲು ಕಷ್ಟವಾದರೆ ದೂರು ಬರೆದುಕೊಳ್ಳಲು ಸಮಿತಿಯವರೇ ಸಹಾಯ ಮಾಡಬೇಕು. ಇದೂ ಕಾನೂನಿನಲ್ಲೇ ಇದೆ, ಅದನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿದೆ.

ಹೆರಿಗೆ ರಜೆ ಎಂದರೆ ಧಣಿಗಳಿಗೆಲ್ಲ ಹೆದರಿಕೆ. 2017ರ ತಿದ್ದುಪಡಿಯಲ್ಲಿ ಅದು 26 ವಾರವಾದ ಮೇಲೆ ಮದುವೆಯಾದವರನ್ನು ಸೇರಿಸಿಕೊಳ್ಳಲೇ ಹಿಂಜರಿದವರನ್ನು ನಾನು ಬಲ್ಲೆ. ಆದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಯಲ್ಲಿರುವ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಆ ರಜೆಯ ಹಣ ಕೊಡುವುದು ಇಎಸ್‌ಐ. ಅದಕ್ಕೆ ಅಂಗಡಿಯ ಕಡೆಯಿಂದ ಕಟ್ಟುವುದು ಸಂಬಳದ ಶೇ. 3.25, ಕೆಲಸದವರು ಶೇ. 0.75. ಲೆಕ್ಕ ಹಾಕಿ ಧಣಿಗಳ ಮುಂದಿಟ್ಟೆ, ಹೆದರಿಕೆ ಅಲ್ಲಿಗೆ ಮುಗಿಯಿತು. ನಿಜವಾದ ನಷ್ಟ ಆಗುವುದು ಹೆಣ್ಣಿಗೆ, ಮರಳಿ ಬಂದಾಗ ಅವಳ ಜಾಗದಲ್ಲಿ ಬೇರೆಯವರು ಕೂತಿದ್ದರೆ. ಆದ್ದರಿಂದ ರಜೆಗೆ ಹೋಗುವ ಮೊದಲೇ "ಮರಳಿದಾಗ ಇದೇ ಹುದ್ದೆ, ಇದೇ ಕೌಂಟರ್" ಎಂದು ಬರೆದು ಸಹಿ ಮಾಡಿ ಕೊಡುತ್ತೇವೆ.

ಪರ್ಚೇಸ್ ಬಗ್ಗೆ ನನಗೆ ಹೆಚ್ಚು ಹಟವಿತ್ತು. ಗಿರಾಕಿ ಏನು ಕೇಳಿ ಸಿಗದೆ ಹೋದರು ಎಂಬುದು ಕೌಂಟರಿನವರಿಗೆ ಗೊತ್ತು, ಮಾಲು ತರಲು ಹೋಗುವವರಿಗಲ್ಲ. ಪ್ರತಿ ಕೌಂಟರಿಗೂ ಒಂದು ನೋಟ್‌ಬುಕ್ ಕೊಟ್ಟೆ: ಕೇಳಿದ್ದು, ಇಲ್ಲದ್ದು. ಹಾಲೂಡಿಸುವ ತಾಯಂದಿರಿಗೆ ಜಿಪ್ ಇರುವ ನೈಟಿ, ದಪ್ಪ ಇರುವವರಿಗೆ ತೋಳು ಬಿಗಿಯಾಗದ ಚೂಡಿದಾರ, ಅಜ್ಜಿಯಂದಿರಿಗೆ ಒಗೆದರೆ ಬಣ್ಣ ಬಿಡದ ಹತ್ತಿ ಸೀರೆ. ಆ ಪುಸ್ತಕ ಹಿಡಿದು ಇಬ್ಬರು ಹೆಂಗಸರು ಒಟ್ಟಿಗೆ ಚೆನ್ನೈ ರೈಲು ಹತ್ತಿ ಈರೋಡಿನ ಜವಳಿ ಸಂತೆಗೆ ಹೋಗುತ್ತಾರೆ. ಟಿಕೆಟ್, ಸ್ಟೇಷನ್ ಹತ್ತಿರದ ಲಾಡ್ಜ್ ಅಂಗಡಿಯ ಖರ್ಚು. "ಮನೆಯಲ್ಲಿ ಬಿಡುತ್ತಾರಾ?" ಎಂದು ನಾವೇ ಊಹಿಸಿ ಹೆಸರು ಬಿಡುವುದಿಲ್ಲ. ಅವರನ್ನೇ ಕೇಳುತ್ತೇವೆ.

ಸ್ಟಾಕ್ ಇನ್‌ಚಾರ್ಜ್ ಆಗಿರುವವಳು ಎಣ್ಮಕಜೆ ಕಡೆಯವಳು. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ಅದು. ಅವಳ ಮಗ ಸಂತ್ರಸ್ತರ ಪಟ್ಟಿಯಲ್ಲಿದ್ದಾನೆ, ಬುದ್ಧಿಮಾಂದ್ಯ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಗೆ ಹೋಗುತ್ತಾನೆ. ಅವನು ಮನೆಗೆ ಬರುವ ಹೊತ್ತಿಗೆ ಅವಳು ಅಲ್ಲಿರಲೇಬೇಕು. ಲೆಕ್ಕದಲ್ಲಿ ಅವಳಷ್ಟು ಗಟ್ಟಿ ಯಾರೂ ಇಲ್ಲ, ಆದರೂ ಇನ್‌ಚಾರ್ಜ್ ಆಗು ಎಂದಾಗಲೆಲ್ಲ "ಬೇಡ ಅಕ್ಕಾ" ಎನ್ನುತ್ತಿದ್ದಳು. ಸ್ಟಾಕಿನ ಕೆಲಸ ಲೋಡ್ ಇಳಿಯುವ ಬೆಳಿಗ್ಗೆಯೇ ಇರುತ್ತದೆ. ಅವಳ ಸಮಯವನ್ನು ಮಧ್ಯಾಹ್ನಕ್ಕೆ ಮುಗಿಸಿದೆವು, ಮೆಡಿಕಲ್ ಕ್ಯಾಂಪಿನ ದಿನ ರಜೆ. ಬೇಗ ಹೋಗುವವಳಿಗೆ ಇನ್‌ಚಾರ್ಜ್ ಭತ್ಯೆ ಯಾಕೆ ಎಂದು ಕೆಲವರು ತಕರಾರು ಮಾಡಿದರು. ಸಂಬಳ ಗಂಟೆಯ ಲೆಕ್ಕದಲ್ಲಿ, ಭತ್ಯೆ ಜವಾಬ್ದಾರಿಗೆ ಎಂದು ನಾನು ಗಟ್ಟಿಯಾಗಿ ನಿಂತೆ. ಈ ಮದುವೆ ಸೀಸನ್ನಿನ ಆರ್ಡರ್ ಪೂರ್ತಿ ಅವಳೇ ಹಾಕಿದ್ದು.

ಈಗ ಮಕ್ಕಳ ಕೋಣೆಗಾಗಿ ಓಡಾಡುತ್ತಿದ್ದೇನೆ. ಶಿಶುಪಾಲನಾ ಕೇಂದ್ರ ಕಡ್ಡಾಯವಿರುವುದು 50 ಜನರಿರುವಲ್ಲಿ, ನಾವು ಅಷ್ಟಿಲ್ಲ. ನಮ್ಮ ಕಟ್ಟಡದಲ್ಲೇ ಲ್ಯಾಬ್, ಮೊಬೈಲ್ ಅಂಗಡಿ, ಟೈಲರಿಂಗ್ ಯೂನಿಟ್ ಇವೆ, ಅಲ್ಲೂ ಸಣ್ಣ ಮಕ್ಕಳ ತಾಯಂದಿರಿದ್ದಾರೆ. ಮೇಲಿನ ಮಹಡಿಯಲ್ಲಿ ಒಂದು ಕೋಣೆ ಖಾಲಿಯಿದೆ. ಬಾಡಿಗೆ ಹಂಚಿಕೊಳ್ಳಲು ಲ್ಯಾಬಿನವರು ಒಪ್ಪಿದ್ದಾರೆ, ಉಳಿದವರೊಡನೆ ಮಾತು ನಡೆಯುತ್ತಿದೆ.