ಭಾವ-ಬಾಮೈದ ಒಂದೇ ಟೆಂಟಿನಲ್ಲಿ: ನನ್ನ ಅನುಭವ

ಕಾಶ್ಮೀರದ ಗ್ರೇಟ್ ಲೇಕ್ಸ್ ಚಾರಣದ ದಾರಿ, ಸೋನಾಮಾರ್ಗ್‌ನಿಂದ ನಾರಾನಾಗ್‌ವರೆಗೆ ಸುಮಾರು 70 ಕಿಲೋಮೀಟರ್. ನಾನೂ ನನ್ನ ಬಾಮೈದನೂ ಒಂದೇ ಟೆಂಟಿನಲ್ಲಿ ಮಲಗೆದ್ದು, ಒಂದು ಬಿರುಸು ಮಾತಿಲ್ಲದೆ ಮುಗಿಸಿ ಬಂದೆವು. ತುಮಕೂರಿನ ನಮ್ಮ ಭಾನುವಾರದ ಬೆಟ್ಟದ ಗುಂಪಿನಲ್ಲಿ ಇದನ್ನು ಯಾರೂ ನಂಬಿರಲಿಲ್ಲ. “ವಾಪಸ್ ಬರೋ ಹೊತ್ತಿಗೆ ಇಬ್ರೂ ಮಾತು ಬಿಟ್ಟಿರ್ತೀರ, ತೂಕ ಆದ್ರೆ ಆಗ್ಲಿ, ಬೇರೆ ಬೇರೆ ಟೆಂಟ್ ಹೊತ್ಕೊಂಡ್ಹೋಗಿ” ಅಂದವರೇ ಎಲ್ಲ. ಈಗ ಅವರೇ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಉಪಾಯ ಇಷ್ಟೇ: ಒಬ್ಬನ ತಲೆ ಇರುವ ಕಡೆ ಇನ್ನೊಬ್ಬನ ಕಾಲು. ಭುಜದ ಪಕ್ಕ ಭುಜ ಬಂದರೆ ಇಬ್ಬರ ಟೆಂಟಿನಲ್ಲಿ ಹೊರಳಲೂ ಜಾಗವಿಲ್ಲ. ಭುಜದ ಪಕ್ಕ ಕಣಕಾಲು ಬಂದರೆ ಗೇಣಷ್ಟು ಜಾಗ ಮಿಗುತ್ತದೆ, ಉಸಿರು ಮುಖಕ್ಕೆ ಹೊಡೆಯುವುದಿಲ್ಲ, ಗೊರಕೆ ಐದಾರು ಅಡಿ ಆಚೆ ಹೋಗುತ್ತದೆ.

ಮೊದಲ ಅಡ್ಡಿ ಬಂದಿದ್ದು ಬಾಮೈದನಿಂದಲೇ. “ಭಾವ, ನಿಮ್ಮ ತಲೆ ಕಡೆ ಕಾಲು ಚಾಚ್ಲಾ? ಅಕ್ಕಂಗೆ ಗೊತ್ತಾದ್ರೆ ಸುಮ್ನಿರ್ತಾಳಾ?” ಅಂದ. ಗುಬ್ಬಿ ಹತ್ತಿರ ಗೆಳೆಯರ ತೋಟದಲ್ಲಿ, ತೆಂಗಿನ ಮರಗಳಿಂದ ದೂರ ಬಯಲು ಹುಡುಕಿ ತಾಲೀಮು ನಡೆಸಿದೆವು. ಅಲ್ಲೂ ಅವನು ಮುದುಡಿಕೊಂಡೇ ಮಲಗುತ್ತಿದ್ದ, ಅವನ ಮೊಣಕಾಲು ನನ್ನ ಪಕ್ಕೆಗೆ ತಿವಿಯುತ್ತಿತ್ತು. ಅವನ ಪಾದಕ್ಕೂ ನನ್ನ ಮುಖಕ್ಕೂ ನಡುವೆ ಬಟ್ಟೆ ಚೀಲವನ್ನು ಗೋಡೆಯ ಹಾಗೆ ನಿಲ್ಲಿಸಿದ ಮೇಲೇ ಕಾಲು ಚಾಚಿದ. ಅತ್ತೆಯವರ ತಕರಾರು ಬೇರೆ, ಇಬ್ಬರಲ್ಲಿ ಒಬ್ಬರ ತಲೆ ಉತ್ತರಕ್ಕೆ ಬರುತ್ತದಲ್ಲ ಎಂದು. ಟೆಂಟನ್ನು ಪೂರ್ವ-ಪಶ್ಚಿಮಕ್ಕೆ ಹಾಕಿದರೆ ಆ ಮಾತೇ ಇಲ್ಲ. ಕಾಶ್ಮೀರದಲ್ಲೂ ಸಾಧ್ಯವಾದ ಕಡೆಯೆಲ್ಲ ದಿಕ್ಕು ನೋಡಿಯೇ ಗೂಟ ಹೊಡೆದೆ.

ದುಡ್ಡು ಹೋಗಿದ್ದು ಟೆಂಟಿಗೆ. ಮೊದಲು ಕೊಂಡ ಹಗುರದ ಟೆಂಟಿಗೆ 11,000 ಹತ್ತಿರ ಆಯಿತು. ಅಗಲ ತಲೆ ಕಡೆ ನಾಲ್ಕೂಕಾಲು ಅಡಿ, ಕಾಲ ಕಡೆ ಮೂರೂವರೆ. ತೂಕ ಇಳಿಸಲು ಹಾಗೆ ಹೊಲಿದಿರುತ್ತಾರೆ. ತಿರುವುಮುರುವು ಮಲಗಿದರೆ ಒಬ್ಬನ ಭುಜ ಕಿರಿದಾದ ತುದಿಗೆ ಸಿಕ್ಕಿ, ತೇವದ ಗೋಡೆಗೆ ಒತ್ತಿ, ಬೆಳಗ್ಗೆ ಸ್ಲೀಪಿಂಗ್ ಬ್ಯಾಗ್ ಒಂದು ಪಕ್ಕ ಪೂರ್ತಿ ಒದ್ದೆ. 5,000ಕ್ಕೆ ಮಾರಿ ಕೈ ತೊಳೆದುಕೊಂಡೆ. ಆಮೇಲೆ 8,000 ಚಿಲ್ಲರೆಗೆ ತಂದದ್ದು ಎರಡೂ ತುದಿ ಒಂದೇ ಅಗಲ, ಎರಡು ಪಕ್ಕಕ್ಕೂ ಬಾಗಿಲು. ಅರ್ಧ ಕೆಜಿ ಜಾಸ್ತಿ. ಕಂಬಿ, ಗೂಟ ಅವನ ಬೆನ್ನಿಗೆ, ಟೆಂಟಿನ ಬಟ್ಟೆ ನನ್ನ ಬೆನ್ನಿಗೆ. ನಡುರಾತ್ರಿ ಎದ್ದರೆ ಮಲಗಿದವರನ್ನು ದಾಟಿಕೊಂಡು ಹೋಗಬೇಕಿಲ್ಲ. ಎರಡು ಬಾಗಿಲಿಲ್ಲದ ಟೆಂಟನ್ನು ಯಾರು ಬಿಟ್ಟಿ ಕೊಟ್ಟರೂ ನಾನು ಹೊರುವುದಿಲ್ಲ.

ಮರೆ ಇರಲಿ ಎಂದು ನಡುವೆ ಹಳೇ ಪಂಚೆ ಕಟ್ಟಿಯೂ ನೋಡಿದ್ದೆ. ಧನುರ್ಮಾಸದ ಇಬ್ಬನಿಯ ರಾತ್ರಿ, ಗಾಳಿ ಆಡದೆ ಪಂಚೆ ತೇವ ಕುಡಿದು ಇಬ್ಬರ ಮೇಲೂ ಜೋತುಬಿತ್ತು. ತೇವ ಎಳೆಯಲಿ ಅಂತ ಮೂಲೆಯಲ್ಲಿ ಕಲ್ಲುಪ್ಪಿನ ಗಂಟು ಇಟ್ಟೆ, ಉಪ್ಪು ಒದ್ದೆಯಾಯಿತು, ಟೆಂಟ್ ಒಣಗಲಿಲ್ಲ. ಕೆಲಸಕ್ಕೆ ಬಂದದ್ದು ಚಳಿಯಾದರೂ ಗಾಳಿಕಿಂಡಿ ಎರಡೂ ತೆರೆದಿಟ್ಟದ್ದು. ಅದೇ ಪಂಚೆಯ ಅರ್ಧ ಹರಿದು ಕಾಶ್ಮೀರಕ್ಕೆ ಒಯ್ದೆ, ಬೆಳಗ್ಗೆ ಒಳಗೋಡೆ ಒರೆಸುವುದಕ್ಕೆ.

ಇಳಿಜಾರಿನಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಒಬ್ಬನ ತಲೆ ತಗ್ಗಿಗೆ ಬಂದು ಮುಖಕ್ಕೆ ರಕ್ತ ಏರುತ್ತದೆ. ಸುಮಾರು 4,200 ಮೀಟರ್ ಎತ್ತರದ ಗಡ್ಸರ್ ಪಾಸ್ (ಬೆಟ್ಟ ದಾಟುವ ದಾರಿ) ಇಳಿದ ರಾತ್ರಿ ಸಮತಟ್ಟು ಸಿಗಲಿಲ್ಲ. ಇಬ್ಬರೂ ಮೇಲ್ಗಡೆಗೇ ತಲೆ ಹಾಕಿದೆವು, ನಿದ್ದೆ ಅರೆಬರೆ. ಉಳಿದ ಕಡೆ ನೀರಿನ ಬಾಟಲಿ ಅಡ್ಡ ಮಲಗಿಸಿ, ಅದು ಉರುಳದ ಜಾಗ ನೋಡಿ ಟೆಂಟ್ ಹಾಕಿದೆ.

ಜಾಗ ಅಂದರೆ ಬರೀ ಹಾಸಿಗೆಯದಲ್ಲ. ನಡೆಯುವಾಗ ಕೂಗಳತೆ ದೂರ ಬಿಟ್ಟು ನಡೆದೆವು. ಬೀಡು ಸೇರಿದ ಮೇಲೆ ಅರ್ಧ ಗಂಟೆ ಟೆಂಟ್ ಒಬ್ಬನದೇ, ಇನ್ನೊಬ್ಬ ನೀರಿಗೆ ಹೋಗಬೇಕು, ಮರುದಿನ ಅದಲುಬದಲು. ಆ ಅರ್ಧ ಗಂಟೆಯಲ್ಲಿ ಅವನು ಮನೆಯ ಫೋಟೋ ನೋಡುತ್ತಿದ್ದನೋ, ಸುಮ್ಮನೆ ಬಿದ್ದಿರುತ್ತಿದ್ದನೋ, ನಾನು ಕೇಳಿದವನಲ್ಲ. ಜಗಳ ಹುಟ್ಟುವುದು ದಣಿದು ಬಂದ ಆ ಹೊತ್ತಿನಲ್ಲೇ.

ಕಾಲಿನ ವಾಸನೆಗೆ ಮಲಗುವುದಕ್ಕೆಂದೇ ಒಂದು ಜೊತೆ ಒಣ ಸಾಕ್ಸ್ ಇಡಿ. ಶೂ ಒಳಗೆ ನಾನು ಉದುರಿಸುವ ಪುಡಿ ನನ್ನದೇ ಹದ, ಅದನ್ನು ಇಲ್ಲಿ ಹೇಳುವುದಿಲ್ಲ. ಮೂವರಿಗೆ ಈ ವಿಧಾನ ಒಗ್ಗಿಲ್ಲ, ನಡುವಿನವನಿಗೆ ಎರಡೂ ಕಡೆ ಕಾಲು. ಅದಕ್ಕೊಂದು ದಾರಿ ತೋಚಿದೆ, ಈ ಮಾಗಿಯಲ್ಲಿ ಅದೇ ತೋಟದಲ್ಲಿ ನೋಡುತ್ತೇನೆ.