ನಾನೇ ಬರೆದ ಸೀನ್‌ಗೆ ನಾನೇ ಕತ್ತರಿ ಹಾಕಿದ್ದು

ಒಂಬತ್ತು ವರ್ಷ ಸೀರಿಯಲ್‌ನಲ್ಲಿ ಅತ್ತಿದೀನಿ. ಮೊದಲು ಸೊಸೆಯಾಗಿ ಅತ್ತೆ, ಆಮೇಲೆ ಅತ್ತೆಯಾಗಿ ಅಳಿಸಿದೆ. ಬೇಜಾರೇನೂ ಇರ್ಲಿಲ್ಲ, ಮನೆ ನಡೀತಿತ್ತು, ಸೈಟ್ ಒಂದು ಕೊಂಡಿದ್ದೆ. ಆದ್ರೆ ಶಾಟ್‌ಗೆ ಕರೆಯೋವರೆಗೂ ಮೂರು ಮೂರು ಗಂಟೆ ಮೇಕಪ್ ಹಾಕ್ಕೊಂಡು ಕೂತಿರ್ತೀವಲ್ಲ, ಆ ಟೈಮಲ್ಲಿ ಸುಮ್ನಿರೋಕಾಗದೆ ಸೀನ್ ಪೇಪರ್ ಹಿಂದೆ ಖಾಲಿ ಇರೋ ಕಡೆ ಏನೇನೋ ಗೀಚ್ತಾ ಇದ್ದೆ, ನಮ್ಮ ಸಾಗರದ ಕಡೆ ಮನೆ, ಅಜ್ಜಿ, ಅಡಿಕೆ ಸುಲಿಯೋ ರಾತ್ರಿಗಳು. ಅದೇ ನನ್ನ ಮೊದಲ ಸ್ಕ್ರಿಪ್ಟು.

ಡೈರೆಕ್ಟ್ ಮಾಡಿದ್ದು ಹೆಗ್ಗೋಡಿನ ನಾಟಕ ಶಾಲೆ ನೀನಾಸಂನಲ್ಲಿ ನನ್ನ ಜೊತೆ ಓದಿದ ಗೆಳೆಯ. 140 ಪೇಜ್ ಓದಿಬಿಟ್ಟು "ಇದು ನಾಟಕ ಕಣೇ, ಎಲ್ರೂ ಮಾತಾಡ್ತಾನೇ ಇದಾರೆ" ಅಂದ. ಸಿಟ್ಟು ಬಂತು, ಎರಡು ದಿನ ಫೋನ್ ಎತ್ಲಿಲ್ಲ. ಆಮೇಲೆ ಕೂತು ನೋಡಿದ್ರೆ ಹೌದು, ನಟಿ ಬರೆದ್ರೆ ಹಿಂಗೇ ಆಗೋದು, ನಮಗೆ ಡೈಲಾಗ್ ಅಂದ್ರೆ ಆಸ್ತಿ ಇದ್ದಂಗೆ, ಯಾರಿಗೂ ಬಿಟ್ಕೊಡೋಕೆ ಮನಸಿರಲ್ಲ, ಅದರಲ್ಲೂ ನಾನೇ ಮಾಡೋ ಪಾತ್ರಕ್ಕೆ ಎಲ್ಲಾ ಒಳ್ಳೆ ಮಾತು ಇಟ್ಕೊಂಡಿದ್ದೆ! 92 ಪೇಜ್‌ಗೆ ಇಳಿಸೋಕೆ ಏಳು ತಿಂಗಳು.

ಪ್ರೊಡ್ಯೂಸರ್ ಸಿಗ್ಲಿಲ್ಲ, ನಾನೇ ಆದೆ. ಸೈಟ್ ಮಾರಿದೆ, ಪರಿಚಯದವರೊಬ್ರು ಅರ್ಧ ದುಡ್ಡು ಹಾಕಿದ್ರು, ಒಟ್ಟು 56 ಲಕ್ಷ. ಗಾಂಧಿನಗರದ ಒಂದು ಆಫೀಸಲ್ಲಿ ಒಬ್ರು "ಪ್ರೊಡ್ಯೂಸರ್ ಬರ್ಲಿಲ್ವಾ ಮೇಡಂ?" ಅಂತ ನನ್ನ ಹಿಂದಿನ ಬಾಗಿಲ ಕಡೆ ನೋಡಿದ್ರು. 1943ರಲ್ಲೇ ಎಂ.ವಿ. ರಾಜಮ್ಮ 'ರಾಧಾರಮಣ' ಸಿನಿಮಾ ನಿರ್ಮಾಣ ಮಾಡಿದೋರು, ಜಯಮಾಲಾ ಅವರು ತಾವೇ ನಿರ್ಮಿಸಿ ನಟಿಸಿದ 'ತಾಯಿಸಾಹೇಬ'ಕ್ಕೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡೋ ಸ್ವರ್ಣಕಮಲ ತಂದೋರು, ಅಷ್ಟಾದ್ರೂ ಬಾಗಿಲ ಕಡೆನೇ ನೋಡೋದು. ನಾನು "ಬಂದಿದಾರೆ, ಕೂತಿದಾರೆ" ಅಂದೆ.

ಈಗ ಆ ಅಡಿಕೆ ಸೀನ್. ಬರೆದಿದ್ದು ಹದಿನಾಲ್ಕು ಹೆಂಗಸರು, ಎರಡು ರಾತ್ರಿ, ಅಂಗಳದ ತುಂಬ ಲೈಟು, ಕೊಟ್ಟಿಗೇಲಿ ಹಸು. ಬಜೆಟ್ ಹಾಳೆ ಮುಂದೆ ಇಟ್ಕೊಂಡು ಕೂತಾಗ ಮೊದಲು ಕಣ್ಣಿಗೆ ಬಿದ್ದಿದ್ದೇ ಅದು. ರಾತ್ರಿ ಎರಡು ದಾಟಿದ್ರೆ ಬೇಟಾ, ಅಂದ್ರೆ ದಿನದ ಭತ್ಯೆ, ಡಬಲ್ ಅಂತ ಯೂನಿಟ್ ಜೊತೆ ಮಾತಾಗಿತ್ತು. ಹದಿನಾಲ್ಕು ಜನ ಆರಾದ್ರು, ಎರಡು ರಾತ್ರಿ ಒಂದಾಯ್ತು. ಹಸೂನೂ ಹೋಯ್ತು. ಪ್ರಾಣಿ ಇಟ್ಕೊಂಡು ಶೂಟ್ ಮಾಡ್ಬೇಕಂದ್ರೆ ಮೊದಲೇ ಪ್ರಾಣಿ ಕಲ್ಯಾಣ ಮಂಡಳಿ ಪರ್ಮಿಷನ್ ಬೇಕು, ಅದರ ಆಫೀಸ್ ಇರೋದು ಹರಿಯಾಣದಲ್ಲಿ, ವೆಟರ್ನರಿ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಇಲ್ಲಾಂದ್ರೆ ಸೆನ್ಸಾರ್‌ನಲ್ಲಿ ಸಿಕ್ಕಾಕ್ಕೋತೀವಿ. ನಮ್ಮನೇಲೇ ಹುಟ್ಟಿ ನಮ್ಮ ಕೈಯಿಂದಲೇ ಹುಲ್ಲು ತಿನ್ನೋ ಗೌರಿನ ನಮ್ಮದೇ ಕೊಟ್ಟಿಗೇಲಿ ನಿಲ್ಸೋಕೆ ಹರಿಯಾಣಕ್ಕೆ ಅರ್ಜಿ ಅಂದಾಗ ಅಮ್ಮ ನಂಬಲೇ ಇಲ್ಲ. ಕೊನೆಗೆ ಗೌರಿ ಕೊರಳಿನ ಗಂಟೆ ಮಾತ್ರ ರೆಕಾರ್ಡ್ ಮಾಡ್ಕೊಂಡ್ವಿ.

ಶೂಟ್‌ಗೆ ಎರಡು ದಿನ ಮುಂಚೆ ಮೆಟ್ಟುಗತ್ತೀಲಿ, ಕಾಲಲ್ಲಿ ಮೆಟ್ಟಿ ಹಿಡಿಯೋ ಕತ್ತಿ ಅದು, ಅಡಿಕೆ ಸುಲಿಯೋದು ಪ್ರಾಕ್ಟೀಸ್ ಮಾಡೋಕೆ ಹೋಗಿ ಹೆಬ್ಬೆಟ್ಟು ಕೊಯ್ಕೊಂಡೆ. ಸಣ್ಣವಳಿದ್ದಾಗ ಕಣ್ಣು ಮುಚ್ಚಿ ಸುಲೀತಿದ್ದೆ, ಬೆಂಗಳೂರು ಕೈ ಮರೆಸಿತ್ತು. ಇದರ ಹಿಂದಿನ ಸೀನ್ ಆಗ್ಲೇ ಶೂಟ್ ಆಗಿದೆ, ಅದರಲ್ಲಿ ಬೆರಳು ಚೆನ್ನಾಗಿದೆ, ಈಗ ಬಟ್ಟೆ ಸುತ್ತಿದೆ, ಕಂಟಿನ್ಯುಟಿ ಹೋಯ್ತಲ್ಲ ಅಂತ ಅಸಿಸ್ಟೆಂಟ್ ಹುಡುಗಿ ತಲೆ ಮೇಲೆ ಕೈ ಹೊತ್ಕೊಂಡ್ಳು. ಅಲ್ಲೇ ಜಗಲಿ ಮೇಲೆ ಕೂತು ಎರಡು ಸಾಲು ಬರೆದೆ. ಪಕ್ಕದ ಮನೆಯಾಕೆ "ಹೆಬ್ಬೆಟ್ಟಿಗೆ ಎಂತ ಆಯ್ತೇ?" ಅಂತ ಕೇಳ್ತಾಳೆ, ನನ್ನ ಪಾತ್ರ "ಕತ್ತಿ ಹತ್ರ ಕೇಳು" ಅನ್ನತ್ತೆ. ಥಿಯೇಟರಲ್ಲಿ ಜನ ಜೋರಾಗಿ ನಕ್ಕಿದ್ದು ಅಲ್ಲೇ. ಏಳು ತಿಂಗಳು ತಿದ್ದಿದ ಮಾತಿಗೆ ಒಬ್ರೂ ನಗಲಿಲ್ಲ ಬಿಡಿ.

ಆ ರಾತ್ರಿ ಎಮೋಷನಲ್ ಶಾಟ್ ಮೂರನೇ ಟೇಕ್ ಓಕೆ ಆಗಿತ್ತು. ನನ್ನೊಳಗಿನ ನಟಿಗೆ ಸಮಾಧಾನ ಇಲ್ಲ, ಇನ್ನೊಂದು ಕೇಳೋಣ ಅಂತ ಬಾಯಿ ತೆಗೆದೆ, ಮ್ಯಾನೇಜರ್ ವಾಚ್ ನೋಡ್ತಿದ್ರು, 1.50. ಬಾಯಿ ಮುಚ್ಕೊಂಡೆ. ಈಗ್ಲೂ ಆ ಶಾಟ್ ನೋಡಿದಾಗೆಲ್ಲ ನಾಲ್ಕನೇದು ತೆಗೀಬೇಕಿತ್ತು ಅನ್ಸತ್ತೆ, ಏನಂತೀರಾ, ಡಬಲ್ ಬೇಟಾ ಅಂದ್ರೆ ಇಡೀ ಯೂನಿಟ್‌ಗೆ.

ದೊಡ್ಡ ತಪ್ಪು ಮಾಡಿದ್ದು ಮಾತ್ರ ಪೇಪರ್ ವಿಷಯದಲ್ಲಿ. ದುಡ್ಡು ಹಾಕಿದ್ದವರ ಜೊತೆ ಎಲ್ಲಾ ಬಾಯಿಮಾತು. ಟಿವಿ ರೈಟ್ಸ್ ಮಾತು ಬಂದಾಗ ಅವರು "ಕತೇನೂ ಅರ್ಧ ನಂದು, ನಾಳೆ ತಮಿಳಿಗೆ ರೀಮೇಕ್ ಆದ್ರೆ ಅದರಲ್ಲೂ ಅರ್ಧ" ಅಂದ್ರು. ವಕೀಲರ ಹತ್ರ ಹೋದಾಗ ಗೊತ್ತಾಗಿದ್ದು, ಸ್ಕ್ರಿಪ್ಟಿನ ಕಾಪಿರೈಟ್ ಬೇರೆ, ಸಿನಿಮಾದ್ದು ಬೇರೆ, ರೈಟ್ಸ್ ಬರ್ಕೊಡೋದು ಲಿಖಿತವಾಗೇ ಇರ್ಬೇಕು, ಅದರಲ್ಲಿ ಅವಧಿ ಹಾಕದಿದ್ರೆ 5 ವರ್ಷ ಅಂತ ಲೆಕ್ಕ, ಪ್ರದೇಶ ಹಾಕದಿದ್ರೆ ಭಾರತ ಮಾತ್ರ. ಕತೆ ಉಳೀತು, ಟಿವಿ ದುಡ್ಡಲ್ಲಿ ಜಾಸ್ತಿ ಪಾಲು ಬಿಟ್ಕೊಟ್ಟೆ. ಈಗ ನನ್ನ ಕಂಪನಿಗೆ ನಾನೇ ಬರೆದ್ರೂ ಸೈನ್ ಹಾಕಿದ ಅಗ್ರಿಮೆಂಟ್ ಮಾಡ್ತೀನಿ, ಬರವಣಿಗೆಗೆ ಬೇರೆ, ನಟನೆಗೆ ಬೇರೆ. ಗಂಡ ನಗ್ತಾರೆ.

ರಿಲೀಸ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಶುಕ್ರವಾರ ಬೆಳಗ್ಗೆ ಶೋಗೆ ಹದಿನಾಲ್ಕು ಜನ, ಅದರಲ್ಲಿ ಆರು ಜನ ನಮ್ಮೋರು. ಸಿಂಗಲ್ ಸ್ಕ್ರೀನ್‌ಗೆ ವಾರದ ಬಾಡಿಗೆ ಕಟ್ಟಿದ್ವಿ, ಜನ ಬಂದ್ರೂ ಬರದಿದ್ರೂ ಅದು ಹೋಗೇ ಹೋಗತ್ತೆ. ಎರಡನೇ ವಾರ ಇಲ್ಲ. ತಿರುಗಾಟದಲ್ಲಿ, ನಾಟಕ ತಗೊಂಡು ಊರೂರು ಸುತ್ತೋವಾಗ, ನಟರೇ ಲಾರಿಯಿಂದ ಸೆಟ್ ಇಳಿಸ್ತಿದ್ವಿ, ಅದು ನೆನಪಾಗಿ ಪ್ರೊಜೆಕ್ಟರ್ ಬಾಡಿಗೆಗೆ ತಗೊಂಡು ಊರೂರಿಗೆ ಹೊರಟ್ವಿ, ಶಿರಸಿ, ಸಿದ್ದಾಪುರ, ತೀರ್ಥಹಳ್ಳಿ, ಕೊಪ್ಪ, ಸಮುದಾಯ ಭವನ, ಒಂದ್ಕಡೆ ಕಾಲೇಜ್ ಹಾಲ್, ಟಿಕೆಟ್ 100 ರೂಪಾಯಿ. ಬ್ಯಾನರ್ ಕಟ್ಟೋದು ನಾನೇ, ಟಿಕೆಟ್ ಹರಿಯೋದೂ ನಾನೇ. ಒಬ್ಬ ಅಜ್ಜಿ ಟಿಕೆಟ್ ತಗೊಂಡು "ನೀನು ಸೀರಿಯಲ್‌ನಾಗೆ ಆ ಹುಡುಗಿಗೆ ಕಾಟ ಕೊಡೋಳಲ್ದಾ" ಅಂತ ಬೈದು ಒಳಗೆ ಹೋದ್ರು. ಹಾಕಿದ ದುಡ್ಡು ಪೂರ್ತಿ ಬಂದಿಲ್ಲ, 11 ಲಕ್ಷ ಇನ್ನೂ ಬಾಕಿ. ಅದಕ್ಕೇ ವಾಪಸ್ ಸೀರಿಯಲ್ ಮಾಡ್ತಿದೀನಿ, ಮತ್ತೆ ಅತ್ತೇನೇ.

ಎರಡನೇ ಸ್ಕ್ರಿಪ್ಟ್ ಹೋದ ತಿಂಗಳು ಮುಗೀತು, 78 ಪೇಜ್, ರಾತ್ರಿ ಸೀನ್ ಮೂರೇ. ಹಸು ಇಲ್ಲ, ಕೋಳಿ ಇಲ್ಲ ಅಂತ ಹೆಮ್ಮೆಯಿಂದ ಮ್ಯಾನೇಜರ್‌ಗೆ ಕಳಿಸಿದೆ. ಅವರ ಮೆಸೇಜ್: "ಮೇಡಂ, 41ನೇ ಪೇಜ್‌ನಲ್ಲಿ ಬೆಕ್ಕು."